ಕಾಲೊರಸು ತರಲು ಹೋದವರು

ನಾವು ಹೋಗಿದ್ದು ಒಂದು ಕಾಲೊರಸು ತರಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳಿ, ಈ ಮನುಷ್ಯ ಬೇಕೆಂದೇ ಮಾಡಿದ ಅಂತ ನೀವು ತೀರ್ಮಾನ ಮಾಡಿಬಿಡುತ್ತೀರಿ. ಬೇಕೆಂದು ಮಾಡಿದ್ದಲ್ಲ. ಹಾಗಂತ ಗೊತ್ತಿಲ್ಲದೆ ಮಾಡಿದ್ದೂ ಅಲ್ಲ, ಅಲ್ಲೇ ಬಂದಿರುವುದು ತೊಂದರೆ.

ಊರಾಚೆ ಹೆದ್ದಾರಿಯ ಪಕ್ಕದಲ್ಲಿದೆ ಆ ಅಂಗಡಿ. ಮನೆಗೆ ಬೇಕಾದ್ದು, ಬೇಡವಾದ್ದು ಎಲ್ಲ ಒಂದೇ ಸೂರಿನಡಿ. ಒಳಗೆ ಕಾಲಿಟ್ಟರೆ ನೆಲದ ಮೇಲೆ ಬಾಣದ ಗುರುತು. ಅದು ತೋರಿಸಿದ ದಾರಿಯಲ್ಲೇ ನಡೆಯಬೇಕು, ನಡುವೆ ತಪ್ಪಿಸಿಕೊಂಡು ಹೊರಬೀಳುವ ಹಾಗಿಲ್ಲ. ಎರಡೂ ಕಡೆ ಸಾಲಾಗಿ ಕೋಣೆಗಳು. ಯಾರೂ ಮಲಗದ ಮಲಗುವ ಕೋಣೆ, ಒಲೆ ಹೊತ್ತದ ಅಡುಗೆಮನೆ, ನೀರು ಬರದ ನಲ್ಲಿ. ಭಾನುವಾರ ಬಂತೆಂದರೆ ಅರ್ಧ ಊರು ಅಲ್ಲಿ ತಮ್ಮದಲ್ಲದ ಸೋಫಾದ ಮೇಲೆ ಕಾಲು ಚಾಚಿ ಕೂತಿರುತ್ತದೆ. ನಾವೂ ಅದೇ ಪೈಕಿ. ಸಿನಿಮಾಕ್ಕೆ ಹೊರಟರೆ ನಾಲ್ಕು ಜನಕ್ಕೆ ನಾಲ್ಕು ರುಚಿ, ಪಾರ್ಕಿಗೆ ಹೋದರೆ ಸೊಳ್ಳೆ. ಇಲ್ಲಾದರೆ ತಣ್ಣಗಿರುತ್ತದೆ, ಟೀ ಸಿಗುತ್ತದೆ, ಏನು ಬೇಕು ಏನು ಬೇಕು ಅಂತ ಯಾರೂ ಮೈಮೇಲೆ ಬೀಳುವುದಿಲ್ಲ.

ನಾಲ್ಕು ಜನ ಅಂದೆನಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಲಾಂಡ್ರಿ ನೋಡಿಕೊಳ್ಳುವವಳು. ದಿನಕ್ಕೆ ಆರುನೂರು ಬೆಡ್‌ಶೀಟು ಅವಳ ಕೈಮೇಲೆ ಹಾದು ಹೋಗುತ್ತವೆ. ಆದರೂ ಭಾನುವಾರ ಅಲ್ಲಿ ಬೆಡ್‌ಶೀಟಿನ ಸಾಲಿಗೆ ಹೋಗಿ, ಒಂದೊಂದನ್ನೂ ಬೆರಳಲ್ಲಿ ಉಜ್ಜಿ ನೋಡಿ, "ಇದು ಎರಡು ಒಗೆತಕ್ಕೆ ಗೋವಿಂದ" ಅಂತ ತೀರ್ಪು ಕೊಟ್ಟು ಬರದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮಗಳಿಗೆ ಹದಿಮೂರು. ಹಸುಗೂಸಾಗಿದ್ದಾಗ ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ರಾಗ ಎಳೆಯುತ್ತಿದ್ದಳೆಂದು ಪಿಟೀಲು ಅಂತ ಹೆಸರಿಟ್ಟೆವು, ಅದೇ ಉಳಿಯಿತು. ಈಗ ಅವಳಷ್ಟು ಕಡಿಮೆ ಮಾತಾಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾಲ್ಕನೆಯವರು ನನ್ನ ಮಾವ, ಹೆಂಡತಿಯ ಅಪ್ಪ. ನಲವತ್ತು ವರ್ಷ ಬಡಗಿ ಕೆಲಸ ಮಾಡಿ, ಅಂಗಡಿ ಮುಚ್ಚಿ, ಐದು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಆ ಅಂಗಡಿಯಲ್ಲಿ ಅವರ ಕೆಲಸ ಒಂದೇ. ಬಗ್ಗಿ ಮೇಜುಗಳ ಅಡಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿದು, "ಹೊಟ್ಟು, ಅಂಟು, ಮೇಲೊಂದು ಕಾಗದ" ಅಂತ ನಗುವುದು. ಆಮೇಲೆ ಕ್ಯಾಂಟೀನಿಗೆ ಹೋಗಿ ಟೀ ಕುಡಿಯುತ್ತಾ ನಮಗಾಗಿ ಕಾಯುವುದು.

ಇನ್ನು ನಾನು. ಹಲ್ಲು ಕಟ್ಟುವವನು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಸರಿಯಾಗಿ ಲ್ಯಾಬಿನಲ್ಲಿ ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ಟು ಮಾಡುವವನು ನಾನು. ಕೂದಲೆಳೆಯಷ್ಟು ಹೆಚ್ಚಾದರೆ ಮುದುಕರು ಊಟ ಬಿಟ್ಟು ನನಗೆ ಶಾಪ ಹಾಕುತ್ತಾರೆ. ಇಷ್ಟು ತಾಳ್ಮೆಯ ಕೆಲಸ ಮಾಡುವವನಿಗೆ ಅಂಗಡಿಯೊಳಗೆ ಹೋದರೆ ಮಾತ್ರ ಕೈ ನಿಲ್ಲುವುದಿಲ್ಲ. ಕಂಡದ್ದೆಲ್ಲ ಟ್ರಾಲಿಗೆ. ಮೇಣದಬತ್ತಿ, ಗೋಡೆಗೆ ತಗಲಿಸುವ ಕೊಕ್ಕೆ, ಬುಟ್ಟಿ, ಆ ಬುಟ್ಟಿಗಳನ್ನು ಇಡಲು ಇನ್ನೊಂದು ಬುಟ್ಟಿ. ನಮ್ಮ ಬಾಗಿಲ ಮುಂದಿನ ಕಾಲೊರಸು ಸವೆದು ಜಾಲರಿಯಾಗಿತ್ತು. ಮೂರು ಭಾನುವಾರದಿಂದ ಅದನ್ನು ತರಲೆಂದೇ ಹೋಗುತ್ತಿದ್ದೆವು, ಮೂರು ಸಲವೂ ಬೇರೇನೋ ಹೊತ್ತು ತಂದಿದ್ದೆವು.

"ಇವತ್ತು ಕಾಲೊರಸು ಬಿಟ್ಟು ಬೇರೆ ಏನಾದ್ರೂ ಮುಟ್ಟಿದ್ರೆ ನೋಡಿ," ಅಂದಳು ಹೆಂಡತಿ ಕಾರಿನಿಂದ ಇಳಿಯುತ್ತಾ.

"ನಾನೇನು ಸಣ್ಣ ಮಗೂನೇ?" ಅಂದೆ.

ಹಿಂದಿನ ಸೀಟಿನಲ್ಲಿ ಮಾವ ಮುಸಿಮುಸಿ ನಕ್ಕರು.

ಈಗ ನಾನು ಹೇಳಬೇಕಾದ ಇನ್ನೊಂದು ವಿಷಯವಿದೆ. ಅದು ಮನೆಯಲ್ಲಿ ನನಗೂ ಮಾವನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದ ಹಿಂದೆ ಒಂದು ಶೆಡ್ಡಿದೆ. ಮಾವನ ಹಳೇ ಹತಾರಗಳೆಲ್ಲ ಅಲ್ಲಿವೆ. ಎರಡು ತಿಂಗಳ ಹಿಂದೆ ಒಂದು ದಿನ ನನ್ನನ್ನು ಅಲ್ಲಿಗೆ ಕರೆದು ಬಾಗಿಲು ಹಾಕಿದರು.

"ಅಳಿಯಂದ್ರೇ, ಯಾರಿಗೂ ಹೇಳಬಾರದು. ಮಗೂಗೆ ಓದೋಕೆ ಒಂದು ಮೇಜು ಮಾಡ್ತಿದೀನಿ. ಶಾಲೆ ಶುರುವಾಗೋ ಹೊತ್ತಿಗೆ ಕೊಡಬೇಕು."

ಮೇಜಿನ ಮೇಲ್ಹಲಗೆ ಯಾವುದು ಅಂದುಕೊಂಡಿರಿ? ಅವರು ನಲವತ್ತು ವರ್ಷ ಕೆಲಸ ಮಾಡಿದ ಹಲಗೆಯೇ. ಅಂಗಡಿಯಲ್ಲಿ ಅದರ ಮೇಲಿಟ್ಟು ಊರ ಬಾಗಿಲು, ಊರ ಮಂಚ ಎಲ್ಲ ಕೊಯ್ದಿದ್ದರು. ತೇಗದ ಒಂದೇ ದಪ್ಪ ತುಂಡು. ಅದರ ಮೇಲಿನ ಉಳಿಯ ಗಾಯಗಳನ್ನೆಲ್ಲ ಕೀಸಿ ಕೀಸಿ ನುಣುಪು ಮಾಡಿದ್ದರು. ಒಂದು ಮೂಲೆಯಲ್ಲಿ ಮಾತ್ರ ಅಂಟಿನ ಡಬ್ಬಿ ಸುಟ್ಟ ಕಪ್ಪು ಉಂಗುರದ ಗುರುತು ಹೋಗಿರಲಿಲ್ಲ.

"ಇದು ಇರ್ಲಿ ಬಿಡಿ. ಇಂಕಿನ ಬಾಟ್ಲಿ ಇಡೋ ಜಾಗ ಅಂದ್ಕೋತಾಳೆ," ಅಂದರು. ಆಮೇಲೆ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಅದು ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. "ಇದು ನನ್ನ ಮಾತು ಕೇಳ್ತಿಲ್ಲ. ಹಿಂದೆ ಒಂದು ವಾರದ ಕೆಲಸ, ಈಗ ಎರಡು ತಿಂಗಳು. ಇದೇ ಕಡೇದು. ಇದು ಮುಗಿದ್ಮೇಲೆ ಹತಾರ ಎಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ."

ನನ್ನ ಪಾಲಿನ ಕೆಲಸ ಅಳತೆ ತೆಗೆಯುವುದು. ಮಾವ ಟೇಪು ಮುಟ್ಟುವವರಲ್ಲ. ಅವರದು ಕೋಲಿನ ಪದ್ಧತಿ. ಒಂದು ಕೆಲಸಕ್ಕೆ ಒಂದು ಕೋಲು, ಆ ಕೆಲಸಕ್ಕೆ ಬೇಕಾದ ಅಳತೆಯೆಲ್ಲ ಅದರ ಮೇಲೆ ಚಾಕುವಿನ ಗೀರು. ಅಂಕಿ ಬರೆದುಕೊಂಡರೆ ಓದುವಾಗ ತಪ್ಪುತ್ತದಂತೆ, ಗೀರು ತಪ್ಪುವುದಿಲ್ಲವಂತೆ. ಆ ಕೋಲನ್ನು ನನ್ನ ಕೈಗೆ ಕೊಟ್ಟು, ಮಗಳು ಕೂತಾಗ ಮೊಣಕೈ ಎಷ್ಟು ಎತ್ತರ, ಮಂಡಿ ಎಷ್ಟು ಎತ್ತರ, ಅವಳಿಗೆ ತಿಳಿಯದ ಹಾಗೆ ಗುರುತು ಮಾಡಿಕೊಂಡು ಬನ್ನಿ ಅಂದರು. ಅವಳು ಊಟದ ಮೇಜಿನ ಮೇಲೆ ಬರೆಯುತ್ತಾ ಕೂತಿದ್ದಾಗ ನಾನು ಅದರಡಿಗೆ ತೆವಳಿದೆ.

"ಅಪ್ಪಾ, ಅಲ್ಲೇನ್ ಮಾಡ್ತಿದೀಯಾ?"

"ಪೆನ್ನು ಬಿತ್ತು ಕಣೇ."

"ಪೆನ್ನು ನಿನ್ ಜೇಬಲ್ಲೇ ಇದೆ."

"ಇದಲ್ಲ, ಇನ್ನೊಂದು," ಅಂದು ಗೀರು ಹಾಕಿಕೊಂಡು, ಎದ್ದೇಳುವಾಗ ತಲೆ ಬಡಿಸಿಕೊಂಡು ಓಡಿದೆ. ಶೆಡ್ಡಿನಲ್ಲಿ ಮಾವನೂ ನಾನೂ ಕಳ್ಳರ ಹಾಗೆ ನಕ್ಕೆವು. ನಿಜ ಹೇಳುತ್ತೇನೆ, ಮದುವೆಯಾದ ಹದಿನೈದು ವರ್ಷದಲ್ಲಿ ಮಾವನ ಜೊತೆ ಅಷ್ಟು ಸಲಿಗೆಯಿಂದ ನಕ್ಕಿದ್ದು ಅದೇ ಮೊದಲು.

ಆ ಭಾನುವಾರಕ್ಕೆ ಮೇಜಿಗೆ ಮೂರು ಕಾಲು ಕೂಡಿಸಿ ಆಗಿತ್ತು. ನಾಲ್ಕನೆಯದು ಬಾಕಿ. ಶಾಲೆ ಶುರುವಾಗಲು ಇನ್ನೂ ಮೂರು ವಾರವಿತ್ತು.

ಅಂಗಡಿಯಲ್ಲಿ ಹೆಂಡತಿ ಬೆಡ್‌ಶೀಟಿನ ಕಡೆ ಹೋದಳು. ಮಾವ ಟಕ್ ಟಕ್ ಮುಗಿಸಿ ಕ್ಯಾಂಟೀನಿಗೆ ಹೋದರು. ನಾನೂ ಪಿಟೀಲೂ ಬಾಣದ ಗುರುತು ಹಿಡಿದು ಹೋಗುತ್ತಾ ಮಕ್ಕಳ ಕೋಣೆಗಳ ಕಡೆ ಬಂದೆವು. ಅಲ್ಲೊಂದು ಬಿಳಿ ಮೇಜು. ಎರಡು ಡ್ರಾಯರು, ಮೇಲೆ ಪುಸ್ತಕಕ್ಕೆ ಕಪಾಟು, ಒಂದು ಪುಟ್ಟ ದೀಪ. ಪಿಟೀಲು ಅದರ ಮುಂದೆ ಕೂತು ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಮೊಣಕೈ ಊರಿಕೊಂಡು, ಏನೋ ಬರೆಯುವವಳ ಹಾಗೆ ಖಾಲಿ ಬೆರಳನ್ನು ಆಡಿಸುತ್ತಾ ಕೂತಳು. ಚೆಂದ ಕಾಣಿಸಿದಳು ನನ್ನ ಮಗಳು.

ಅಷ್ಟರಲ್ಲಿ ನಮ್ಮ ಹಾಗೇ ಸಾಮಾನು ಕೊಳ್ಳಲು ಬಂದಿದ್ದ ಒಬ್ಬ ಹತ್ತಿರ ಬಂದ. ಸೊಂಟದಲ್ಲಿ ಟೇಪು, ಕೈಯಲ್ಲಿ ಪಟ್ಟಿ, ಕಿವಿಯ ಹಿಂದೆ ಪೆನ್ಸಿಲ್ಲು. ಜಗತ್ತನ್ನೇ ಅಳೆದು ಮುಗಿಸಿ ಬಂದವನ ಗತ್ತು.

"ಸಾರ್, ನೀವು ತಗೋತೀರಾ, ಇಲ್ಲಾ ಸುಮ್ನೆ ಕೂತಿದೀರಾ?"

"ಯಾಕೆ?"

"ತಗೊಳ್ಳೋದಿಲ್ಲ ಅಂದ್ರೆ ಮಗೂನ ಎಬ್ಬಿಸಿ. ಇದರದು ಒಂದೇ ಪೆಟ್ಟಿಗೆ ಉಳಿದಿರೋದು. ಟೈಮ್‌ಪಾಸ್ ಮಾಡೋರಿಗೆ ಅಂತ ಅಲ್ಲಿ ಸೋಫಾ ಇದಾವಲ್ಲ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆಲ್ಲ ಗೊತ್ತು. ಟೈಮ್‌ಪಾಸ್ ಅಂದನಲ್ಲ, ಅದೂ ನನ್ನ ಮಗಳ ಎದುರಿಗೆ! ಪಿಟೀಲು ಗಾಬರಿಯಾಗಿ ಎದ್ದು ನಿಂತಳು. ಅವಳ ಭುಜ ಒತ್ತಿ ಮತ್ತೆ ಕೂರಿಸಿದೆ.

"ಸುಮ್ನೆ ಯಾಕ್ರೀ ಕೂರ್ತಾಳೆ? ಇದು ಅವಳದೇ ಮೇಜು. ತಗೊಂಡಾಯ್ತು. ನೀವು ಬೇರೆ ನೋಡ್ಕೊಳ್ಳಿ."

ಆಡಿದ ಮಾತು ಬಾಯಿಂದ ಪೂರ್ತಿ ಹೊರಗೆ ಬಿದ್ದಿರಲಿಲ್ಲ, ನೆನಪಾಯಿತು. ಶೆಡ್ಡು, ಹಳೇ ಬೆಡ್‌ಶೀಟು ಹೊದಿಸಿಟ್ಟ ಮೂರು ಕಾಲಿನ ಮೇಜು, ಮಾವನ ನಡುಗುವ ಕೈ. ಮರೆತಿದ್ದೆ ಅಂತ ಹೇಳಿ ನಾನು ಪಾರಾಗಬಹುದು, ಆದರೆ ಅದು ಸುಳ್ಳು. ಬಿಲ್ಲು ಮಾಡಿಸುವ ಮೊದಲೇ ನೆನಪಾಗಿತ್ತು. ಆದರೆ ಆ ಟೇಪಿನವನು ಎರಡು ಹೆಜ್ಜೆ ಆಚೆ ಕೈಕಟ್ಟಿ ನಿಂತು, ನಾನು ನಿಜವಾಗಿ ತಗೊಳ್ಳುತ್ತೇನೋ ಇಲ್ಲವೋ ಅಂತ ನೋಡುತ್ತಿದ್ದ. ಅವನ ಮುಂದೆ ಹಿಂದೆ ಸರಿಯುವುದೇ? ಮನೆಗೆ ಒಯ್ದು, ನಾಳೆ ತಂದು ವಾಪಸ್ ಕೊಟ್ಟರಾಯಿತು ಅಂದುಕೊಂಡೆ. ಮೇಜಿಗೆ ತಗಲಿಸಿದ್ದ ನಂಬರಿನ ಚೀಟಿ ಹರಿದುಕೊಂಡೆ. ಗೋದಾಮಿನಿಂದ ಪೆಟ್ಟಿಗೆ ಎಳೆದು ಟ್ರಾಲಿಗೆ ಹಾಕಿದೆ.

"ಅಪ್ಪಾ, ನಿಜವಾಗ್ಲೂನಾ?" ಅಂದಳು ಪಿಟೀಲು.

"ಮತ್ತೆ?" ಅಂದೆ.

ಬಿಲ್ಲಿನ ಸಾಲಿನಲ್ಲಿ ಮಾವ ಬಂದು ಸೇರಿಕೊಂಡರು, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿದರು. ಕನ್ನಡಕ ಮೇಲಕ್ಕೆ ಸರಿಸಿ ಇನ್ನೊಮ್ಮೆ ನೋಡಿದರು.

"ಮೇಜಾ?"

ಆಗ ನಾನು ಏನು ಹೇಳಬೇಕಿತ್ತು? ಸಿಟ್ಟಿಗೆ ಬಿದ್ದು ತಗೊಂಡೆ ಮಾವ, ತಪ್ಪಾಯಿತು, ನಾಳೆ ಹಿಂದಿರುಗಿಸುತ್ತೇನೆ. ಇಷ್ಟೇ ಸಾಕಿತ್ತು. ಪಿಟೀಲು ಅಮ್ಮನನ್ನು ಕರೆಯಲು ಹೋಗಿದ್ದಳು, ಕೇಳುವವರೂ ಯಾರೂ ಇರಲಿಲ್ಲ.

"ಏನ್ ಮಾಡ್ಲಿ ಮಾವ, ಇವಳು ಹಠ ಹಿಡಿದ್ಬಿಟ್ಲು. ಬಿಡ್ಲೇ ಇಲ್ಲ," ಅಂದೆ.

ಅವಳು ಹಠ ಮಾಡಿರಲಿಲ್ಲ. ಬೇಕು ಅಂತ ಒಂದು ಮಾತೂ ಕೇಳಿರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂದುಬಿಟ್ಟಿತು, ನನಗೇ ಆಶ್ಚರ್ಯವಾಯಿತು.

"ಹೌದಾ," ಅಂದರು ಮಾವ. "ಅವಳು ಹಠ ಮಾಡೋ ಪೈಕಿ ಅಲ್ಲ. ಅಷ್ಟು ಇಷ್ಟ ಆಗಿರಬೇಕು ಹಾಗಾದ್ರೆ." ಉಳಿದ ಟೀ ಕುಡಿಯದೆ ಲೋಟವನ್ನು ಕಸದ ಡಬ್ಬಿಗೆ ಹಾಕಿದರು.

ಮನೆ ಬಾಗಿಲಿಗೆ ಬಂದಾಗ ಹೆಂಡತಿ ಕೆಳಗೆ ನೋಡಿ ಹಣೆ ಚಚ್ಚಿಕೊಂಡಳು. "ಕಾಲೊರಸು ಎಲ್ರೀ?"

ಅವತ್ತೇ ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿದರು. ಬಿಚ್ಚುವುದು ಬೇಡ ಅಂತ ನಾನು ಗೊಣಗಿದೆ, ಸುಸ್ತು ಅಂದೆ, ನಾಳೆ ನೋಡೋಣ ಅಂದೆ. ಯಾರು ಕೇಳುತ್ತಾರೆ? ಹಲಗೆ, ತಿರುಪು, ಒಂದು ಮಾತೂ ಇಲ್ಲದ ಬರೀ ಚಿತ್ರದ ಪುಸ್ತಕ, ಬಗ್ಗಿದ ಒಂದು ಪುಟ್ಟ ಕೀ. ನಾನು ಒಂದು ಗಂಟೆ ಒದ್ದಾಡಿ ಡ್ರಾಯರನ್ನು ತಲೆಕೆಳಗು ಕೂರಿಸಿದೆ.

"ಇವರ ಕೈಲಿ ಆಗೋ ಕೆಲಸ ಅಲ್ಲ ಇದು," ಅಂದ ಹೆಂಡತಿ ಬಾಲ್ಕನಿಯ ಕಡೆ ಕೂಗಿದಳು. "ಅಪ್ಪಾ, ನೀನೇ ಬಾ. ಮನೇಲಿ ಬಡಗಿ ಇಟ್ಕೊಂಡು ನಾವ್ಯಾಕೆ ತಲೆ ಕೆಡಿಸ್ಕೋಬೇಕು?"

ಅವಳಿಗೇನು ಗೊತ್ತು ಪಾಪ. ನನ್ನ ಮೈಯೆಲ್ಲ ಹಿಡಿಯಷ್ಟಾಯಿತು. ಮಾವ ಬಂದರು. ನೆಲದ ಮೇಲೆ ಕೂತು, ಚಿತ್ರದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದರು.

"ನೋಡಿ ಅಳಿಯಂದ್ರೇ, ಬಡಗಿ ಬೇಕಾಗಿಲ್ಲ ಅಂತ ಚಿತ್ರ ಬರೆದೇ ಹೇಳಿದಾರೆ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಸಣ್ಣ ತಿರುಪು ಅವರ ಬೆರಳಿಗೆ ನಿಲ್ಲುತ್ತಿರಲಿಲ್ಲ. ಮೂರು ಸಲ ಬಿದ್ದು ಉರುಳಿತು. ಪ್ರತಿ ಸಲವೂ ಪಿಟೀಲು ಹೆಕ್ಕಿ ಕೊಟ್ಟಳು. ಕೊನೆಗೆ ತಿರುಪನ್ನು ಅವಳೇ ಹಿಡಿದುಕೊಂಡಳು, ತಾತ ಕೀ ತಿರುಗಿಸಿದರು. ತಾವು ಮಾಡಿದ ಮೇಜನ್ನು ಕೆಳಗೆ ಶೆಡ್ಡಿನಲ್ಲಿಟ್ಟು, ಯಾರೋ ಮಾಡಿದ ಮೇಜನ್ನು ಮೊಮ್ಮಗಳ ಕೋಣೆಯಲ್ಲಿ ಆ ಮನುಷ್ಯ ಜೋಡಿಸಿ ನಿಲ್ಲಿಸಿದರು. ಕೊನೆಗೆ ಅಡಿಗೆ ಬಡಿದು ನೋಡಲೂ ಇಲ್ಲ.

ಸಂಜೆ ಶೆಡ್ಡಿಗೆ ಹೋದೆ. ಬೆಡ್‌ಶೀಟು ಸರಿಸಿ ಮೇಜಿನ ಎದುರು ಸುಮ್ಮನೆ ಕೂತಿದ್ದರು.

"ಮಾವ, ಹದಿನೈದು ದಿನದೊಳಗೆ ವಾಪಸ್ ತಗೋತಾರೆ. ನಾನು ಪಿಟೀಲಿಗೆ ಹೇಳ್ತೀನಿ. ತಾತ ನಿಂಗೇ ಅಂತ ಮಾಡಿದಾರೆ ಅಂತ ಹೇಳಿದ್ರೆ ಅವಳು ಕುಣಿದಾಡ್ತಾಳೆ."

"ಹೇಳಿ," ಅಂದರು. "ನಾನು ಹೇಳಿದ್ರೆ ಬೇಡಿ ಕೊಟ್ಟ ಹಾಗಾಗುತ್ತೆ. ನೀವು ಹೇಳಿದ್ರೆ ಸರಿ. ಅಲ್ಲೀವರೆಗೂ ನಾಲ್ಕನೇ ಕಾಲು ಕೂಡಿಸಲ್ಲ."

"ನಾಳೇನೇ ಹೇಳ್ತೀನಿ."

ನಾಳೆ ಬಂತು. ಲ್ಯಾಬಿನಲ್ಲಿ ಏಳು ಸೆಟ್ಟು ಒಟ್ಟಿಗೆ ಬಂದವು, ಮನೆಗೆ ಬಂದಾಗ ಮಗಳು ಸ್ನೇಹಿತೆಯ ಮನೆಗೆ ಹೋಗಿದ್ದಳು. ಮಂಗಳವಾರ ಅವಳ ಕೋಣೆಯ ಬಾಗಿಲವರೆಗೂ ಹೋದೆ. ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿ, ದೀಪಕ್ಕೆ ಬಣ್ಣದ ಕಾಗದ ಅಂಟಿಸುತ್ತಿದ್ದಳು. ಈ ಮುಖ ನೋಡಿಕೊಂಡು ಹೇಳುವುದು ಹೇಗೆ ಅಂತ ತಿರುಗಿ ಬಂದೆ. ಬುಧವಾರ ಹೆಂಡತಿಗೆ ತಲೆನೋವು. ಗುರುವಾರ ನನಗೇ ತಲೆನೋವು ಅಂತ ಹೇಳಿಕೊಂಡೆ. ದಿನಾ ಊಟಕ್ಕೆ ಕೂತಾಗ ಮಾವ ಒಂದು ಸಲ, ಒಂದೇ ಒಂದು ಸಲ ನನ್ನ ಮುಖ ನೋಡುತ್ತಿದ್ದರು. ನಾನು ತಟ್ಟೆ ನೋಡುತ್ತಿದ್ದೆ. ಕೇಳುತ್ತಿರಲಿಲ್ಲ ಅವರು. ಕೇಳಿದ್ದರೆ ಕೋಪವಾದರೂ ಮಾಡಿಕೊಳ್ಳಬಹುದಿತ್ತು.

ಎರಡನೇ ವಾರ ನನ್ನ ಅದೃಷ್ಟ ತಿರುಗಿತು ಅಂದುಕೊಂಡೆ. ಮೇಜು ಅಲ್ಲಾಡಲು ಶುರುವಾಯಿತು. ಮೇಲಿನ ಕಪಾಟು ಪುಸ್ತಕದ ಭಾರಕ್ಕೆ ನಡುವೆ ಬಗ್ಗಿತು.

"ಅಪ್ಪಾ, ಬರೆಯುವಾಗ ಅಲ್ಲಾಡುತ್ತೆ," ಅಂದಳು ಪಿಟೀಲು.

"ಅಯ್ಯೋ, ಹೌದಾ?" ಅಂದೆ. ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಇನ್ನು ಸ್ವಲ್ಪ ಕಾದರೆ ಅವಳೇ ಬೇಡ ಅನ್ನುತ್ತಾಳೆ, ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ, ಎಲ್ಲ ಸುಸೂತ್ರ ಅಂತ ಲೆಕ್ಕ ಹಾಕಿದೆ. ಹಾಗಾಗಿ ತಿರುಪು ಬಿಗಿ ಮಾಡಲೂ ಹೋಗಲಿಲ್ಲ. ಅಲ್ಲಾಡಲಿ, ಇನ್ನಷ್ಟು ಅಲ್ಲಾಡಲಿ ಅಂತ ಬಿಟ್ಟೆ.

ಅವಳು ಬೇಡ ಅನ್ನಲಿಲ್ಲ. ಶುಕ್ರವಾರ ಊಟದ ಹೊತ್ತಿನಲ್ಲಿ ಚಮಚ ಕೆಳಗಿಟ್ಟು ಬಲ ಭುಜ ಒತ್ತಿಕೊಂಡಳು.

"ಏನೇ ಅದು?" ಅಂದಳು ಹೆಂಡತಿ.

"ಮೇಜು ಸ್ವಲ್ಪ ಎತ್ತರ ಅಮ್ಮಾ. ಕುರ್ಚಿ ಏರಿಸ್ಕೊಂಡ್ರೆ ಕಾಲು ನೆಲಕ್ಕೆ ತಾಗಲ್ಲ. ಭುಜ ನೋಯುತ್ತೆ. ಪರ್ವಾಗಿಲ್ಲ ಬಿಡು, ಅಭ್ಯಾಸ ಆಗುತ್ತೆ."

ಮಾವ ನನ್ನತ್ತ ನೋಡಿದರು. ಆ ಸಲ ಸ್ವಲ್ಪ ಹೊತ್ತು ನೋಡಿದರು. ನಾನು ಬಾಯಿತುಂಬ ಅನ್ನ ತುಂಬಿಕೊಂಡೆ. ಭಾನುವಾರ, ಖಂಡಿತ ಭಾನುವಾರ ಹೇಳಿಬಿಡುವುದು ಅಂತ ನಿಶ್ಚಯ ಮಾಡಿದೆ. ಸೋಮವಾರಕ್ಕೆ ಹದಿನೈದು ದಿನ ಮುಗಿಯುತ್ತಿತ್ತು.

ಶನಿವಾರ ಲ್ಯಾಬು ಅರ್ಧ ದಿನ. ಕೊನೆಯ ಸೆಟ್ಟು ಪಾಲಿಶ್ ಮಾಡಿ ಕೊಟ್ಟು ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ಮಗಳ ಕೋಣೆಯಿಂದ ಕೂಗು ಬಂತು.

"ಅಪ್ಪಾ, ಬಾ ಇಲ್ಲಿ! ಅಲ್ಲಾಡಿಸು ನೋಡೋಣ!"

ಮೇಜನ್ನು ಹಿಡಿದು ಅಲ್ಲಾಡಿಸಿದೆ. ಬಂಡೆ ಹಾಗೆ ನಿಂತಿತ್ತು. ಬಿಳಿ ಕಾಲುಗಳನ್ನು ಕೆಳಗೆ ಕೊಯ್ದು ಗಿಡ್ಡ ಮಾಡಿದ್ದರು. ಹಿಂದೆ ಅಡ್ಡಲಾಗಿ ದಪ್ಪ ಕಂದು ಮರದ ಪಟ್ಟಿ, ಕಪಾಟಿನಡಿಗೆ ಇನ್ನೊಂದು. ಕೆಳಗೆ ಕಾಲಿಡಲು ಓರೆಯಾದ ಒಂದು ಹಲಗೆ. ಪಿಟೀಲು ಅದರ ಮೇಲೆ ಬರಿಗಾಲು ಊರಿ, ರಾಣಿಯ ಹಾಗೆ ಕೂತಿದ್ದಳು.

"ತಾತ ಬೆಳಗ್ಗೆಯಿಂದ ಮಾಡಿದ್ರು. ಈಗ ಭುಜಾನೂ ನೋಯಲ್ಲ. ಎಷ್ಟು ಸರಿಯಾಗಿದೆ ಗೊತ್ತಾ? ಟೇಪು ಕೂಡ ಹಿಡೀಲಿಲ್ಲಪ್ಪ, ಒಂದು ಕೋಲು ತಂದಿದ್ರು ಅಷ್ಟೇ. ನನ್ನ ಅಳತೆ ತಾತನಿಗೆ ಹೇಗೆ ಗೊತ್ತಾಯ್ತೋ!"

ನಾನು ಬಗ್ಗಿ ನೋಡಿದೆ. ಅವಳ ಎಡಪಾದದ ಹೆಬ್ಬೆರಳ ಪಕ್ಕದಲ್ಲಿ, ನುಣ್ಣಗೆ ಕೀಸಿದ ತೇಗದ ಮೇಲೆ, ಕಪ್ಪು ಉಂಗುರದ ಅರ್ಧ ಗುರುತಿತ್ತು. ಇನ್ನರ್ಧ ಗರಗಸಕ್ಕೆ ಸಿಕ್ಕಿ ಹೋಗಿತ್ತು.

ಮೆಟ್ಟಿಲು ಹೇಗಿಳಿದೆನೋ ಗೊತ್ತಿಲ್ಲ. ಶೆಡ್ಡಿನಲ್ಲಿ ಮೇಜಿರಲಿಲ್ಲ. ನಾಲ್ಕು ಕಾಲು ಗೋಡೆಗೆ ಒರಗಿದ್ದವು, ಮೂರಕ್ಕೆ ಅಂಟಿನ ಗುರುತು, ಒಂದು ಹೊಸದು. ನೆಲದ ತುಂಬ ಹೊಟ್ಟು. ಮಾವ ಪೊರಕೆ ಹಿಡಿದು ಗುಡಿಸುತ್ತಿದ್ದರು.

"ಯಾಕ್ ಮಾವ ಕೊಯ್ದ್ರಿ?" ನನ್ನ ದನಿ ನನಗೇ ಕಿರುಚಿದ ಹಾಗೆ ಕೇಳಿಸಿತು. "ಇನ್ನೂ ಎರಡು ದಿನ ಇತ್ತಲ್ಲ! ನಾಳೆ ಹೇಳ್ತಿದ್ದೆ ನಾನು, ಆಣೆಗೂ ಹೇಳ್ತಿದ್ದೆ!"

ಅವರು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಹನ್ನೆರಡು ದಿನ ಕಾದೆ ಅಳಿಯಂದ್ರೇ. ನಿಮಗೆ ಹೇಳೋಕೆ ನಾಳೆ ಇತ್ತು. ಮಗೂಗೆ ನೋವು ನಿನ್ನೇನೇ ಇತ್ತು."

ಹೊಟ್ಟನ್ನೆಲ್ಲ ಒಂದು ಕಡೆ ಒಟ್ಟುಗೂಡಿಸಿದರು.

"ನಾನೇ ಹೇಳ್ಬಿಡೋಣ ಅಂತ ಎರಡು ಸಲ ಮೇಲೆ ಬಂದೆ," ಅಂದರು ಮಾವ. "ಮನಸ್ಸು ಬರ್ಲಿಲ್ಲ. ಹುಟ್ಟಿದಾಗಿಂದ ಒಂದು ಹಠ ಮಾಡಿದೋಳಲ್ಲ ಅವಳು. ಮೊದಲ್ನೇ ಸಲ ಹಠ ಹಿಡಿದು ಒಂದನ್ನ ತಗೊಂಡಿದಾಳೆ. ಅದನ್ನ ಕಿತ್ಕೊಂಡು, ನನ್ನದು ತಗೋ ಅಂತ ಹೇಗೆ ಹೇಳ್ಲಿ? ಅವಳ ಇಷ್ಟದ್ದನ್ನೇ ಗಟ್ಟಿ ಮಾಡಿಕೊಟ್ಟೆ."

ಬಿಲ್ಲಿನ ಸಾಲಿನಲ್ಲಿ ಸಲೀಸಾಗಿ ಆಡಿದ್ದೆನಲ್ಲ, ಆ ಒಂದು ಮಾತು. ಅದನ್ನು ಆಡಿ ನಾನು ಮರೆತುಬಿಟ್ಟಿದ್ದೆ. ಅವರು ಹದಿಮೂರು ದಿನ ಅದನ್ನೇ ನಂಬಿಕೊಂಡು ಕೂತಿದ್ದರು.

"ಅವಳು ಹಠ ಮಾಡಿರ್ಲಿಲ್ಲ ಮಾವ," ಅಂದೆ. "ಕೇಳಲೇ ಇಲ್ಲ ಅವಳು. ಯಾವನೋ ಒಬ್ಬ ಬಂದು ಏನೋ ಅಂದ, ನಂಗೆ ಸಿಟ್ಟು ಬಂತು, ಅವನೆದುರು ಸೋಲಬಾರದು ಅಂತ ತಗೊಂಡೆ. ನಿಮ್ಮ ಮುಂದೆ ಅವಳ ಮೇಲೆ ಹಾಕ್ದೆ."

ಪೊರಕೆ ನಿಂತಿತು. ಮಾವ ನನ್ನನ್ನು ನೋಡಲಿಲ್ಲ. ಗೋಡೆಗೆ ಒರಗಿದ್ದ ನಾಲ್ಕು ಕಾಲುಗಳನ್ನು ನೋಡಿದರು. ಬಯ್ಯಲಿ, ಕೈಯಲ್ಲಿದ್ದ ಪೊರಕೆಯಿಂದಲೇ ನಾಲ್ಕು ಬಾರಿಸಲಿ ಅಂತ ಕಾದೆ. ನನಗಿಂತ ಇಪ್ಪತ್ತೇಳು ವರ್ಷ ದೊಡ್ಡವರು, ಬಾರಿಸುವ ಹಕ್ಕಿತ್ತು.

"ಹೌದಾ," ಅಂದರು. ಅಂಗಡಿಯಲ್ಲಿ ಅಂದ ಹಾಗೆಯೇ ಅಂದರು. ಆಮೇಲೆ ಮೂಲೆಯಿಂದ ಕೋಲನ್ನು ತೆಗೆದು ನನ್ನ ಕೈಗೆ ಕೊಟ್ಟರು. "ನನಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳಿ. ಅವಳ ಹೆಸರು ಹಾಳಾಗಿದ್ದು."

ಮೇಲೆ ಹೋದೆ. ಪಿಟೀಲು ಇನ್ನೂ ಅಲ್ಲೇ ಕೂತು ಬರೆಯುತ್ತಿದ್ದಳು. ಮಂಚದ ಅಂಚಿನಲ್ಲಿ ಕೂತು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿದೆ. ಊಟದ ಮೇಜಿನಡಿಗೆ ತೆವಳಿದ್ದು, ಯಾವ ಗೀರು ಅವಳ ಮೊಣಕೈ, ಯಾವುದು ಮಂಡಿ, ತಾತನ ಹಲಗೆ, ಮೂರು ಕಾಲು, ಹದಿಮೂರು ದಿನ. ಅಲ್ಲಾಡಲಿ ಅಂತ ಸುಮ್ಮನಿದ್ದದ್ದನ್ನೂ ಹೇಳಿದೆ. ಬಿಲ್ಲಿನ ಸಾಲಿನಲ್ಲಿ ಆಡಿದ್ದನ್ನು ಕೊನೆಗೆ ಹೇಳಿದೆ.

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಕುರ್ಚಿಯಿಂದ ಇಳಿದು ಮೇಜಿನಡಿ ಹೋಗಿ ಕೂತಳು. ಕಾಲಿಡುವ ಹಲಗೆಯನ್ನು ಕೈಯಿಂದ ಒರೆಸಿದಳು. ಇಷ್ಟು ಹೊತ್ತು ಅದನ್ನು ತುಳಿದುಕೊಂಡು ಕೂತಿದ್ದಳಲ್ಲ, ಆ ಪಾದದ ಗುರುತನ್ನು.

"ನಾನು ಹಠ ಮಾಡ್ದೆ ಅಂತ ತಾತನಿಗೆ ಹೇಳ್ದ್ಯಾ?" ಅಂತ ಅಲ್ಲಿಂದಲೇ ಕೇಳಿದಳು.

"ಹ್ಞೂಂ."

"ನಾನು ಬರೀ ಕೂತಿದ್ದೆ ಅಪ್ಪ."

"ಗೊತ್ತು ಪುಟ್ಟಾ."

"ಇದು ಬೇಡ ಅಂತ ಅಲ್ಲೇ ಹೇಳೋಣ ಅಂತಿದ್ದೆ. ನೀನು ಅಷ್ಟು ಜೋರಾಗಿ ತಗೊಂಡಾಯ್ತು ಅಂದ್ಯಲ್ಲ, ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಾದೆ."

ಆಮೇಲೆ ಎದ್ದು ಬಂದು ನನ್ನ ತೊಡೆಯ ಮೇಲಿದ್ದ ಕೋಲನ್ನು ತಗೊಂಡಳು. ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದು ಹೋದಳು. ಕೆಳಗೆ ಶೆಡ್ಡಿನ ಬಾಗಿಲು ತೆರೆದ ಸದ್ದು, ಆಮೇಲೆ ಮುಚ್ಚಿದ ಸದ್ದು ಕೇಳಿಸಿತು. ತಾತನಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ನಾನು ಹೋಗಲಿಲ್ಲ. ಆ ಬಾಗಿಲು ತಟ್ಟಲು ನನಗೆ ಮುಖವಿರಲಿಲ್ಲ.

ಅವಳ ದೀಪ ಆರಿಸೋಣ ಅಂತ ಎದ್ದು ಅವಳ ಕುರ್ಚಿಯಲ್ಲಿ ಕೂತೆ. ಕಾಲು ಒಳಗೆ ಹಾಕಲು ಹೋದರೆ ಮಂಡಿ ಠಪ್ಪೆಂದು ಮೇಜಿನ ಅಡಿಗೆ ಬಡಿಯಿತು. ಅಳತೆ ನನ್ನದಲ್ಲವಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು. ಮೇಜು ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.